ಪರವಾನಗಿಗೂ ಮೊದಲಿನ ಪಾಠಶಾಲೆ

ವಾಷಿಂಗ್ಟನ್ ಡಿ.ಸಿ.ಯಿಂದ ಪೊಟೊಮ್ಯಾಕ್ ನದಿ ದಾಟಿದರೆ ವರ್ಜೀನಿಯಾ, ಮಿಕ್ಕ ದಿಕ್ಕುಗಳಿಗೆ ಕೆಲವೇ ಮೈಲಿ ಹೋದರೆ ಮೇರಿಲ್ಯಾಂಡ್. ಒಂದೇ ಮೆಟ್ರೋ ರೈಲು ಮೂರೂ ಕಡೆ ಓಡುತ್ತದೆ. ಆದರೆ ಮನಸ್ಸಿನ ಸಂಕಟಕ್ಕೆ ಚಿಕಿತ್ಸೆ ಕೊಡುವ ಸಮಾಜ ಕಾರ್ಯಕರ್ತೆಯೊಬ್ಬರು ಮೂರೂ ಕಡೆ ಕೆಲಸ ಮಾಡಬೇಕೆಂದರೆ ಮೂರು ಮಂಡಳಿಗಳಿಗೆ ಅರ್ಜಿ ಹಾಕಬೇಕು. ರಾಜಧಾನಿಯಲ್ಲಿ ಆ ಪರವಾನಗಿಗೆ ಎಲ್‌ಐಸಿಎಸ್‌ಡಬ್ಲ್ಯೂ ಎಂದು ಹೆಸರು, ಮೇರಿಲ್ಯಾಂಡಿನಲ್ಲಿ ಎಲ್‌ಸಿಎಸ್‌ಡಬ್ಲ್ಯೂ-ಸಿ, ವರ್ಜೀನಿಯಾದಲ್ಲಿ ಎಲ್‌ಸಿಎಸ್‌ಡಬ್ಲ್ಯೂ. ಹೆಸರು ಬೇರೆಯಾದರೂ ದಾರಿ ಹೆಚ್ಚುಕಡಿಮೆ ಒಂದೇ: ಮಾನ್ಯತೆ ಪಡೆದ ಶಾಲೆಯಿಂದ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯೂ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಸುಮಾರು 3,000 ಗಂಟೆಗಳ ದುಡಿಮೆ, ಕೊನೆಗೆ ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆ. ಈ ಮೂರನ್ನೂ ನಾವಿಂದು ಒಂದೇ ಏಣಿಯ ಮೆಟ್ಟಿಲುಗಳೆಂಬಂತೆ ನೋಡುತ್ತೇವೆ. ಇವು ಹುಟ್ಟಿದ ಕಾಲ ಬೇರೆ, ಹುಟ್ಟಿಸಿದವರು ಬೇರೆ. ಶಾಲೆ ಮತ್ತು ಮೇಲ್ವಿಚಾರಣೆ ಬಂದು ಹಲವು ದಶಕಗಳಾದ ಮೇಲೆ ಪರೀಕ್ಷೆ ಬಂತು. ಅಮೆರಿಕದ ದಕ್ಷಿಣದಲ್ಲಿ ಆ ಶಾಲೆಗಳಲ್ಲಿ ಕೆಲವನ್ನು ಕಟ್ಟಿದವರು, ಸರ್ಕಾರದ ವಿಶ್ವವಿದ್ಯಾಲಯಗಳು ಬಾಗಿಲು ಮುಚ್ಚಿ ಹೊರಗಿಟ್ಟಿದ್ದ ಕಪ್ಪು ಜನರು. ಈ ಇತಿಹಾಸವನ್ನು ಎದುರಿಗಿಟ್ಟುಕೊಂಡು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಪರವಾನಗಿ ಬೇಕು, ಆದರೆ ಅದರ ಭಾರ ಪರೀಕ್ಷೆಯ ಮೇಲಿರದೆ, ಜನರ ನಡುವೆ ಕಲಿತ ತರಬೇತಿಯ ಮೇಲಿರಬೇಕು.

ವೃತ್ತಿಯ ಮಟ್ಟದ ಪ್ರಶ್ನೆ ಗಟ್ಟಿಯಾಗಿ ಕೇಳಿಬಂದದ್ದು ರಾಜಧಾನಿಗೆ ಹತ್ತಿರದ ಬಾಲ್ಟಿಮೋರ್ ನಗರದಲ್ಲಿ. ಅಲ್ಲಿನ ದತ್ತಿ ಸಂಸ್ಥೆಗೆ 1889ರಲ್ಲಿ ಸಹಾಯಕ ಖಜಾಂಚಿಯಾಗಿ ಸೇರಿದ ಮೇರಿ ರಿಚ್ಮಂಡ್, ಬಡವರ ಮನೆಗೆ ಹೋಗುವವರಿಗೆ ಒಳ್ಳೆಯ ಮನಸ್ಸೊಂದೇ ಸಾಲದು, ಕಲಿಕೆಯೂ ಬೇಕು ಎಂಬ ತೀರ್ಮಾನಕ್ಕೆ ಬಂದರು. 1897ರಲ್ಲಿ ತರಬೇತಿ ಶಾಲೆಗಾಗಿ ಕರೆ ಕೊಟ್ಟರು. 1915ರಲ್ಲಿ ಅದೇ ನಗರದಲ್ಲಿ ನಡೆದ ರಾಷ್ಟ್ರೀಯ ಸಮ್ಮೇಳನದಲ್ಲಿ ಶಿಕ್ಷಣ ಸುಧಾರಕ ಏಬ್ರಹಾಂ ಫ್ಲೆಕ್ಸ್ನರ್, ಸಮಾಜಕಾರ್ಯವು ಒಂದು ವೃತ್ತಿಯೇ ಎಂದು ಕೇಳಿ, ಇನ್ನೂ ಅಲ್ಲ ಎಂದು ಉತ್ತರಿಸಿದರು. ಈ ಕೆಲಸಗಾರರು ವೈದ್ಯರನ್ನೂ ವಕೀಲರನ್ನೂ ಶಿಕ್ಷಕರನ್ನೂ ಜನರಿಗೆ ಜೋಡಿಸುವ ಮಧ್ಯವರ್ತಿಗಳು, ಇವರದ್ದೇ ಎನ್ನುವಂಥ, ಮುಂದಿನವರಿಗೆ ಕಲಿಸಿಕೊಡಬಹುದಾದಂಥ ವಿಧಾನ ಇನ್ನೂ ರೂಪುಗೊಂಡಿಲ್ಲ ಎಂಬುದು ಅವರ ವಾದ. ಎರಡು ವರ್ಷಗಳ ನಂತರ ರಿಚ್ಮಂಡ್ ಪ್ರಕಟಿಸಿದ ‘ಸೋಷಿಯಲ್ ಡಯಾಗ್ನೋಸಿಸ್’ ಗ್ರಂಥ, ಒಂದು ಕುಟುಂಬದ ಸ್ಥಿತಿಯನ್ನು ಸಾಕ್ಷ್ಯ ಕೂಡಿಸಿ ಅರಿಯುವ ಕ್ರಮವನ್ನು ವಿವರವಾಗಿ ಬರೆದಿಟ್ಟಿತು. ಆದರೆ ಫ್ಲೆಕ್ಸ್ನರ್ ಅವರ ಹೆಸರಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. ವೈದ್ಯಕೀಯ ಶಿಕ್ಷಣದ ಮಟ್ಟ ಏರಿಸಲೆಂದು ಅವರು 1910ರಲ್ಲಿ ಬರೆದ ವರದಿ, ಆಗಿದ್ದ ಏಳು ಕಪ್ಪು ವೈದ್ಯಕೀಯ ಶಾಲೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಳ್ಳಬೇಕೆಂದಿತು: ವಾಷಿಂಗ್ಟನ್ನಿನ ಹೊವಾರ್ಡ್ ಮತ್ತು ನ್ಯಾಶ್‌ವಿಲ್‌ನ ಮೆಹಾರಿ. ಉಳಿದವು ಒಂದೊಂದಾಗಿ ಮುಚ್ಚಿದವು. ಉತ್ತರ ಕೆರೊಲಿನಾದ ರಾಲಿ ನಗರದ ಶಾ ವಿಶ್ವವಿದ್ಯಾಲಯದಲ್ಲಿದ್ದ ಲೆನಾರ್ಡ್ ವೈದ್ಯಕೀಯ ಶಾಲೆ 1918ರಲ್ಲಿ ಬಾಗಿಲು ಹಾಕಿತು. ಮಟ್ಟ ಏರಿಸುವ ಉದ್ದೇಶ ಸುಳ್ಳಾಗಿರಲಿಲ್ಲ. ಆ ಶಾಲೆಗಳಲ್ಲಿ ಕೊರತೆಗಳಿದ್ದವು. ಆದರೆ ಕೊರತೆ ತುಂಬಲು ಹಣ ಕೊಡದೆ ಅಳತೆಗೋಲನ್ನಷ್ಟೇ ಎತ್ತರಿಸಿದಾಗ, ವೈದ್ಯರ ಅಗತ್ಯ ಅತಿಹೆಚ್ಚು ಇದ್ದ ಜನರೇ ವೈದ್ಯರಿಲ್ಲದೆ ಉಳಿದರು. ಸಮಾಜಕಾರ್ಯದ ಕಥೆಯನ್ನು ಓದುವಾಗ ಈ ಎಚ್ಚರ ಜೊತೆಗಿರಬೇಕು.

ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಈ ಕಥೆ ಶುರುವಾದದ್ದು ಕೇರಿಯ ಹೆಂಗಸರಿಂದ. ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷ ಜಾನ್ ಹೋಪ್ ಅವರ ಪತ್ನಿ ಲುಜೀನಿಯಾ ಬರ್ನ್ಸ್ ಹೋಪ್ ಮತ್ತು ಅವರ ನೆರೆಹೊರೆಯವರು 1908ರಲ್ಲಿ ‘ನೇಬರ್‌ಹುಡ್ ಯೂನಿಯನ್’ ಎಂಬ ಸಂಘ ಕಟ್ಟಿದರು. ನಗರದ ಕಪ್ಪು ಬಡಾವಣೆಗಳನ್ನು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ ಹೊಣೆಗಾರರನ್ನು ನೇಮಿಸಿ, ಮನೆಮನೆಗೆ ಹೋಗಿ ಯಾರಿಗೆ ಕಾಯಿಲೆ, ಯಾವ ಮಕ್ಕಳು ಶಾಲೆಯಿಂದ ಹೊರಗಿದ್ದಾರೆ, ಎಲ್ಲಿ ಚರಂಡಿ ಇಲ್ಲ ಎಂದು ಬರೆದುಕೊಂಡು ಬಂದರು. ಕಪ್ಪು ಮಕ್ಕಳ ಶಾಲೆಗಳ ದುಃಸ್ಥಿತಿಯನ್ನು 1913ರ ಹೊತ್ತಿಗೆ ಸಮೀಕ್ಷೆ ಮಾಡಿ ನಗರಾಡಳಿತದ ಮುಂದಿಟ್ಟರು. ಮುಂದೆ 1920ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಸಮಾಜಕಾರ್ಯದ ರಾಷ್ಟ್ರೀಯ ಸಮ್ಮೇಳನ ನಡೆದಾಗ, ಕಪ್ಪು ಜನರ ಹಿತಕ್ಕಾಗಿ ದುಡಿಯುವ ಅರ್ಬನ್ ಲೀಗಿನ ದಕ್ಷಿಣ ಪ್ರಾಂತ್ಯದ ಕಾರ್ಯದರ್ಶಿ ಜೆಸ್ಸಿ ಒ. ಥಾಮಸ್, ದಕ್ಷಿಣದ ಕಪ್ಪು ಯುವಜನರಿಗೆ ಈ ವಿದ್ಯೆ ಕಲಿಯಲು ಒಂದು ಶಾಲೆ ಬೇಕೆಂದು ವಾದಿಸಿದರು. ಅದೇ ವರ್ಷ ಮೋರ್‌ಹೌಸ್ ಕಾಲೇಜಿನ ಆವರಣದಲ್ಲಿ ಅಟ್ಲಾಂಟಾ ಸಮಾಜಕಾರ್ಯ ಶಾಲೆ ತೆರೆಯಿತು. 1922ರಿಂದ ಅದನ್ನು ನಡೆಸಿದ ಸಮಾಜಶಾಸ್ತ್ರಜ್ಞ ಇ. ಫ್ರ್ಯಾಂಕ್ಲಿನ್ ಫ್ರೇಜಿಯರ್, ಅನುಕಂಪದ ಪಾಠಕ್ಕಿಂತ ಸಂಶೋಧನೆಯ ಪಾಠವನ್ನು ಮುಂದೆ ಮಾಡಿದರು. ಜನಾಂಗದ್ವೇಷವನ್ನು ಮನೋರೋಗಕ್ಕೆ ಹೋಲಿಸಿ ಅವರು 1927ರಲ್ಲಿ ಬರೆದ ಲೇಖನ ಬಿಳಿಯರ ಕೋಪ ಕೆರಳಿಸಿ, ಬೆದರಿಕೆಗಳ ನಡುವೆ ಅವರು ಊರು ಬಿಡಬೇಕಾಯಿತು. ಅವರ ನಂತರ ಬಂದ ಫಾರೆಸ್ಟರ್ ಬಿ. ವಾಷಿಂಗ್ಟನ್ 1954ರವರೆಗೆ ಶಾಲೆಯನ್ನು ಮುನ್ನಡೆಸಿದರು. 1928ರಲ್ಲಿ ಅದು ಅಮೆರಿಕದ ಸಮಾಜಕಾರ್ಯ ಶಾಲೆಗಳ ಸಂಘದ ಸದಸ್ಯತ್ವ ಪಡೆಯಿತು. ಕಪ್ಪು ಜನರ ಶಾಲೆಯೊಂದಕ್ಕೆ ಆ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು. ಜಾರ್ಜಿಯಾ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ತನ್ನದೇ ಸಮಾಜಕಾರ್ಯ ಶಾಲೆ ತೆರೆದದ್ದು 1964ರಲ್ಲಿ, ಅಂದರೆ 44 ವರ್ಷಗಳ ನಂತರ.

ಉತ್ತರ ಕೆರೊಲಿನಾದಲ್ಲಿ ಸರ್ಕಾರ ಸ್ವಲ್ಪ ಮುಂಚೆಯೇ ಎಚ್ಚೆತ್ತಿತ್ತು. 1917 ಮತ್ತು 1919ರ ಕಾನೂನುಗಳು ರಾಜ್ಯಮಟ್ಟದಲ್ಲಿ ಸಾರ್ವಜನಿಕ ಕಲ್ಯಾಣ ಮಂಡಳಿಯನ್ನೂ ಜಿಲ್ಲೆಗಳಂತಿರುವ ಕೌಂಟಿಗಳಲ್ಲಿ ಕಲ್ಯಾಣ ಅಧಿಕಾರಿಗಳನ್ನೂ ಸ್ಥಾಪಿಸಿದವು. ಅಂಥ ಅಧಿಕಾರಿಗಳನ್ನು ತಯಾರು ಮಾಡಲು ಸಮಾಜಶಾಸ್ತ್ರಜ್ಞ ಹೊವಾರ್ಡ್ ಓಡಮ್ 1920ರಲ್ಲಿ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಕಲ್ಯಾಣ ಶಾಲೆ ಆರಂಭಿಸಿದರು. ಆದರೆ ಆ ವಿಶ್ವವಿದ್ಯಾಲಯ ಮೊದಲ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದು 1951ರಲ್ಲಿ, ಅದೂ ನ್ಯಾಯಾಲಯದ ಆದೇಶದ ಮೇಲೆ. ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯ ಇಪ್ಪತ್ತನೆಯ ಶತಮಾನದಲ್ಲಿ ಅವರಿಗೆ ಬಾಗಿಲು ತೆರೆದದ್ದು 1963ರಲ್ಲಿ. ಈ ನಡುವಿನ ಕಾಲದಲ್ಲಿ ಕಪ್ಪು ಜನರ ಕಲ್ಯಾಣ ಯಾರ ಹೊಣೆ? 1925ರಲ್ಲಿ ಉತ್ತರ ಕೆರೊಲಿನಾದ ಮಂಡಳಿ ಅದಕ್ಕಾಗಿ ಪ್ರತ್ಯೇಕ ವಿಭಾಗ ತೆರೆದು ಲಾರೆನ್ಸ್ ಎ. ಆಕ್ಸ್ಲಿ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಿತು. ಅವರು ಕೌಂಟಿಯಿಂದ ಕೌಂಟಿಗೆ ಓಡಾಡಿ ಊರವರನ್ನು ಸಂಘಟಿಸಿ, ತರಬೇತಾದ ಕಪ್ಪು ಕಾರ್ಯಕರ್ತರನ್ನು ನೇಮಿಸಿಕೊಳ್ಳುವಂತೆ ಆಡಳಿತಗಳ ಮನವೊಲಿಸಿದರು. ಆ ಕಾರ್ಯಕರ್ತರಿಗೆ ಪಾಠ ಹೇಳಲು ರಾಲಿಯ ಸೇಂಟ್ ಆಗಸ್ಟೀನ್ಸ್ ಸಂಸ್ಥೆಯಲ್ಲಿ ಬಿಷಪ್ ಟಟಲ್ ಶಾಲೆ ನಡೆಯುತ್ತಿತ್ತು. ಇತ್ತ ವಾಷಿಂಗ್ಟನ್ನಿನಲ್ಲಿ, ಅಟ್ಲಾಂಟಾ ಬಿಟ್ಟ ಫ್ರೇಜಿಯರ್ 1934ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯ ಸೇರಿ ಅಲ್ಲಿನ ಸಮಾಜಕಾರ್ಯ ಶಿಕ್ಷಣಕ್ಕೂ ಅಡಿಪಾಯ ಹಾಕಿದರು. ಅದು ಸ್ವತಂತ್ರ ಶಾಲೆಯಾಗಿ ಬೆಳೆದಾಗ, 1945ರಲ್ಲಿ ಇನಾಬೆಲ್ ಬರ್ನ್ಸ್ ಲಿಂಡ್ಸೆ ಅದರ ಮೊದಲ ಡೀನ್ ಆದರು. ಕುಟುಂಬವನ್ನು ಅರಿಯಬೇಕಾದರೆ ಅದರ ಜನಾಂಗ, ಸಂಸ್ಕೃತಿ, ಚರಿತ್ರೆಗಳನ್ನೂ ಅರಿಯಬೇಕೆಂಬ ಅವರ ನಿಲುವು ಆ ಶಾಲೆಯ ಪಾಠಕ್ರಮದ ಬೆನ್ನೆಲುಬಾಯಿತು.

ಈ ಶಾಲೆಗಳಲ್ಲಿ ಕಲಿಕೆಯ ಮುಖ್ಯ ಭಾಗ ನಡೆದದ್ದು ಕ್ಷೇತ್ರಕಾರ್ಯದಲ್ಲಿ. ವಿದ್ಯಾರ್ಥಿ ಒಂದು ಮನೆಗೆ ಹೋಗಿ ಬಂದು, ಕಂಡದ್ದನ್ನು ಬರೆದು, ಅನುಭವಿಯೊಬ್ಬರ ಎದುರು ಕೂತು ಅದನ್ನು ಸಾಲುಸಾಲಾಗಿ ಸಮರ್ಥಿಸಬೇಕು: ಈ ಮಾತನ್ನು ನೀನು ಏಕೆ ನಂಬಿದೆ, ಆ ತಾಯಿಯನ್ನು ಏಕೆ ಕೇಳಲಿಲ್ಲ, ಮನೆಯ ಯಜಮಾನನಿಗೆ ಕೆಲಸ ಸಿಗದಿರುವುದು ಅವನ ಸೋಮಾರಿತನದಿಂದಲೋ, ಕಾರ್ಖಾನೆಯ ಗೇಟಿನಲ್ಲಿರುವ ಜನಾಂಗಭೇದದಿಂದಲೋ? ಬಿಳಿಯರ ದತ್ತಿ ಸಂಸ್ಥೆಗಳು ಬಡತನದ ಕಾರಣವನ್ನು ಬಡವನ ನಡತೆಯಲ್ಲೇ ಹುಡುಕುತ್ತಿದ್ದ ಕಾಲದಲ್ಲಿ, ಅಟ್ಲಾಂಟಾದ ವಿದ್ಯಾರ್ಥಿಗೆ ಆ ಕಾರಣ ಬೀದಿಯಲ್ಲೇ ಕಣ್ಣಿಗೆ ಹೊಡೆಯುತ್ತಿತ್ತು. ಸಮಾಜಕಾರ್ಯಕ್ಕೆ ತನ್ನದೇ ಆದ ವಿಧಾನವಿಲ್ಲ ಎಂದ ಫ್ಲೆಕ್ಸ್ನರ್ ಅವರಿಗೆ ಸಿಕ್ಕ ಉತ್ತರಗಳಲ್ಲಿ ಇದು ಬಲವಾದದ್ದು. ಮನುಷ್ಯನನ್ನು ಅವನ ಮನೆ, ಬೀದಿ, ಕಾನೂನು, ಕೂಲಿಗಳ ಜೊತೆಗಿಟ್ಟು ನೋಡುವುದೇ ಆ ವಿಧಾನ. ಅದನ್ನು ಕಲಿಯುವುದು ತಿದ್ದುವವರೊಬ್ಬರ ಕಣ್ಣೆದುರಿನಲ್ಲಿ ಮಾಡಿ ನೋಡುವುದರಿಂದ ಮಾತ್ರ.

ಪರವಾನಗಿ ಬಂದದ್ದು ಬಹಳ ತಡವಾಗಿ. ಅಮೆರಿಕದ ಆಡಳಿತದಲ್ಲಿ ಮೊದಲ ಕಾನೂನು 1934ರಲ್ಲಿ ಪೋರ್ಟೊರಿಕೊದಲ್ಲಿ ಆಯಿತು. 1945ರಲ್ಲಿ ಕ್ಯಾಲಿಫೋರ್ನಿಯಾ ನೋಂದಣಿ ತಂದಿತು. ಏಳು ಸಂಘಟನೆಗಳು ಕೂಡಿ 1955ರಲ್ಲಿ ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘವಾದವು. ಇಂದು ಅದರ ಕೇಂದ್ರ ಕಚೇರಿ ವಾಷಿಂಗ್ಟನ್ನಿನಲ್ಲಿದೆ. ಅಟ್ಲಾಂಟಾ ಶಾಲೆಯ ಡೀನ್ ಆಗಿದ್ದು, ಮುಂದೆ ಅರ್ಬನ್ ಲೀಗಿನ ನಾಯಕರಾದ ವಿಟ್ನಿ ಯಂಗ್ 1969ರಲ್ಲಿ ಈ ಸಂಘದ ಅಧ್ಯಕ್ಷರಾದರು. ಎಲ್ಲ ರಾಜ್ಯಗಳಲ್ಲೂ ಪರವಾನಗಿ ಕಾನೂನಿಗಾಗಿ ಪ್ರಯತ್ನಿಸಬೇಕೆಂದು ಸಂಘ ನಿರ್ಧರಿಸಿದ್ದೂ ಆ ಹೊತ್ತಿನಲ್ಲೇ. 1970ರ ದಶಕದಲ್ಲಿ ಸರ್ಕಾರಿ ಇಲಾಖೆಗಳು ಖರ್ಚು ಉಳಿಸಲು, ತರಬೇತಿ ಇಲ್ಲದವರನ್ನೂ ಸಮಾಜ ಕಾರ್ಯಕರ್ತರ ಹುದ್ದೆಗೆ ತೆಗೆದುಕೊಳ್ಳತೊಡಗಿದ್ದವು, ಅದನ್ನು ತಡೆಯಬೇಕಿತ್ತು. ಜೊತೆಗೆ, ಪರವಾನಗಿ ಇಲ್ಲದವರ ಚಿಕಿತ್ಸೆಗೆ ವಿಮಾ ಕಂಪನಿಗಳು ಹಣ ಕೊಡುತ್ತಿರಲಿಲ್ಲ. ಉತ್ತರ ಕೆರೊಲಿನಾ 1983ರಲ್ಲಿ ಪ್ರಮಾಣೀಕರಣ ಕಾನೂನು ಮಾಡಿತು. ಜಾರ್ಜಿಯಾ 1984ರಲ್ಲಿ ಆಪ್ತಸಮಾಲೋಚಕರನ್ನೂ ಕುಟುಂಬ ಚಿಕಿತ್ಸಕರನ್ನೂ ಸಮಾಜ ಕಾರ್ಯಕರ್ತರನ್ನೂ ಸೇರಿಸಿ ಒಂದೇ ಸಂಯುಕ್ತ ಮಂಡಳಿ ರಚಿಸಿತು. ರಾಜಧಾನಿಯ ಆರೋಗ್ಯ ವೃತ್ತಿಗಳ ಕಾನೂನು 1986ರಲ್ಲಿ ಜಾರಿಗೆ ಬಂತು. ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್, ಚಿಕಿತ್ಸೆ ಕೊಡುವ ‘ಕ್ಲಿನಿಕಲ್’ ಸಮಾಜ ಕಾರ್ಯಕರ್ತರಿಗೆ ನೇರವಾಗಿ ಹಣ ಕೊಡಲು 1989ರ ಕಾನೂನು ದಾರಿ ಮಾಡಿತು. ರಾಜ್ಯ ಮಂಡಳಿಗಳು 1979ರಲ್ಲಿ ಒಕ್ಕೂಟ ಮಾಡಿಕೊಂಡು, 1983ರಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ನಡೆಸಲು ಆರಂಭಿಸಿದವು.

ಈ ಪರವಾನಗಿ ಬರೀ ಹಣದ ಬಾಗಿಲು ಎಂದು ತಳ್ಳಿಹಾಕುವವರಿದ್ದಾರೆ. ವೃತ್ತಿಯವರು ತಮ್ಮ ಅಂಗಡಿಗೆ ಬೇಲಿ ಕಟ್ಟಿಕೊಂಡರು, ಅಷ್ಟೆ ಎಂಬುದು ಅವರ ಆಕ್ಷೇಪ. ಇದನ್ನು ಒಪ್ಪುವುದು ಕಷ್ಟ. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ 1996ರಲ್ಲಿ ಜಾಫಿ ವಿರುದ್ಧ ರೆಡ್ಮಂಡ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನೋಡಬೇಕು. ಇಲಿನಾಯ್ ರಾಜ್ಯದ ಪೊಲೀಸ್ ಅಧಿಕಾರಿಯೊಬ್ಬರು, ತಾವು ಹಾರಿಸಿದ ಗುಂಡಿಗೆ ವ್ಯಕ್ತಿಯೊಬ್ಬರು ಬಲಿಯಾದ ಮೇಲೆ, ಪರವಾನಗಿ ಇದ್ದ ಸಮಾಜ ಕಾರ್ಯಕರ್ತೆಯ ಬಳಿ ಮನಸ್ಸು ಬಿಚ್ಚಿ ಮಾತಾಡಿದ್ದರು. ಆ ಮಾತುಗಳ ಟಿಪ್ಪಣಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕೇ ಎಂಬುದು ಪ್ರಶ್ನೆ. ಬೇಕಿಲ್ಲ ಎಂದರು ಒಂಬತ್ತರಲ್ಲಿ ಏಳು ನ್ಯಾಯಮೂರ್ತಿಗಳು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್, ಮನೋವೈದ್ಯರ ಶುಲ್ಕ ಭರಿಸಲಾಗದ ಬಡವರೂ ಸಾಮಾನ್ಯ ಆದಾಯದವರೂ ನೆರವಿಗೆ ಹೋಗುವುದು ಸಮಾಜ ಕಾರ್ಯಕರ್ತರ ಬಳಿಗೇ, ಆದ್ದರಿಂದ ಅವರಿಗೂ ಅದೇ ರಕ್ಷಣೆ ಸಲ್ಲಬೇಕೆಂದು ವಿವರಿಸಿದರು. ಬಡವರ ಗುಟ್ಟಿಗೆ ಶ್ರೀಮಂತರ ಗುಟ್ಟಿನಷ್ಟೇ ಬೆಲೆ ಬಂದದ್ದು ಪರವಾನಗಿಯ ಬಲದಿಂದ. ನಂಬಿಕೆ ಮುರಿದವರ ಮೇಲೆ ದೂರು ಕೊಡಲು ಒಂದು ಮಂಡಳಿ ಇರುವುದೂ, ತಪ್ಪಿತಸ್ಥರು ಮತ್ತೆ ಕುರ್ಚಿ ಹಾಕಿ ಕೂರದಂತೆ ತಡೆಯಲು ಸಾಧ್ಯವಿರುವುದೂ ಸಣ್ಣ ಲಾಭಗಳಲ್ಲ.

ಆದರೆ ಇಷ್ಟು ಬೆಲೆಯುಳ್ಳ ರಕ್ಷಣೆ ಯಾರ ಮನೆಬಾಗಿಲಿಗೆ ತಲುಪಿದೆ ಎಂದು ಕೇಳಲೇಬೇಕು. ಉತ್ತರ ಕೆರೊಲಿನಾದಲ್ಲಿ ಕಡ್ಡಾಯವಿರುವುದು ಕ್ಲಿನಿಕಲ್ ಕೆಲಸಕ್ಕೆ ಮಾತ್ರ. ಕೆಳಗಿನ ಹಂತದ ಪ್ರಮಾಣಪತ್ರಗಳನ್ನು ಇಷ್ಟವಿದ್ದವರು ಪಡೆಯಬಹುದು. ಹಾಗಾಗಿ, ಮಗುವನ್ನು ಹೆತ್ತವರಿಂದ ಬೇರ್ಪಡಿಸುವ ತೂಕದ ನಿರ್ಣಯದಲ್ಲಿ ಪಾಲುಗೊಳ್ಳುವ ಕೌಂಟಿ ಕಚೇರಿಯ ಸಿಬ್ಬಂದಿಗೆ ಈ ಪರವಾನಗಿ ಇರಲೇಬೇಕೆಂಬ ನಿಯಮವಿಲ್ಲ. ಹಣ ಕೊಟ್ಟೋ ವಿಮೆ ತೋರಿಸಿಯೋ ಚಿಕಿತ್ಸೆಗೆ ಬಂದವರ ಎದುರು 3,000 ಗಂಟೆ ಪಳಗಿದವರು ಕೂರುತ್ತಾರೆ. ಬೇರೆ ದಾರಿಯಿಲ್ಲದ ಕುಟುಂಬದ ಮನೆಗೆ ಹೊಸದಾಗಿ ಕೆಲಸಕ್ಕೆ ಸೇರಿದವರು ಬರಬಹುದು. ಕೇರಿಯ ಮನೆಗಳಿಂದ ಹೊರಟ ವೃತ್ತಿಗೆ ಕಾನೂನು ಕೊಟ್ಟ ಗೌರವ ಚಿಕಿತ್ಸೆಯ ಕೋಣೆಯೊಳಗೇ ಉಳಿಯಿತು. ವಿಮೆಯ ಹಣ ಹರಿದ ಕಡೆಗೆ ಪರವಾನಗಿಯೂ ಹರಿದದ್ದರ ಫಲ ಇದು. ಪರವಾನಗಿಯ ವಿರುದ್ಧ ಹೇಳಬಹುದಾದ ನಿಜವಾದ ದೂರು, ಅದು ಬೇಲಿ ಹಾಕಿತು ಎಂಬುದಕ್ಕಿಂತ, ಬಡವರ ಹೊಲವನ್ನು ಬೇಲಿಯ ಹೊರಗೆ ಬಿಟ್ಟಿತು ಎಂಬುದು.

ಎರಡನೆಯ ದೂರು ಪರೀಕ್ಷೆಯದ್ದು. ಮಂಡಳಿಗಳ ಒಕ್ಕೂಟ 2022ರಲ್ಲಿ ಮೊದಲ ಬಾರಿಗೆ ಫಲಿತಾಂಶಗಳನ್ನು ಜನಾಂಗವಾರು ಬಿಡಿಸಿ ಪ್ರಕಟಿಸಿತು. ಕ್ಲಿನಿಕಲ್ ಪರೀಕ್ಷೆಯನ್ನು ಮೊದಲ ಪ್ರಯತ್ನದಲ್ಲೇ ಪಾಸಾದ ಬಿಳಿಯರು ಶೇ. 84ರಷ್ಟಿದ್ದರೆ, ಕಪ್ಪು ಅಭ್ಯರ್ಥಿಗಳು ಶೇ. 45. ಇವರೆಲ್ಲ ಮಾನ್ಯತೆ ಪಡೆದ ಶಾಲೆಗಳಲ್ಲೇ ಓದಿದವರು, ಮೇಲ್ವಿಚಾರಣೆಯಲ್ಲೇ ಪಳಗಿದವರು. ಮರುವರ್ಷ ರಾಷ್ಟ್ರೀಯ ಸಂಘವೇ ಈ ಪರೀಕ್ಷೆಗಳನ್ನು ವಿರೋಧಿಸಿ ಹೇಳಿಕೆ ಕೊಟ್ಟಿತು. ಅತ್ತ ರಾಜ್ಯದಿಂದ ರಾಜ್ಯಕ್ಕೆ ಹೋಗುವವರ ಅನುಕೂಲಕ್ಕಾಗಿ ಅಂತರರಾಜ್ಯ ಒಪ್ಪಂದವೊಂದು ಏಳು ರಾಜ್ಯಗಳ ಒಪ್ಪಿಗೆ ಪಡೆದು 2024ರಲ್ಲಿ ಜಾರಿಯ ಹಂತ ಮುಟ್ಟಿದೆ. ವರ್ಜೀನಿಯಾ ಅದಕ್ಕೆ ಸೇರಿದೆ. ಪೊಟೊಮ್ಯಾಕ್ ದಾಟುವವರ ಅರ್ಜಿಗಳ ಹೊರೆ ತಗ್ಗಿಸಬಲ್ಲ ಒಳ್ಳೆಯ ಹೆಜ್ಜೆ ಅದು. ಆದರೆ ಆ ಬಹುರಾಜ್ಯ ಪರವಾನಗಿಗೂ ರಾಷ್ಟ್ರೀಯ ಪರೀಕ್ಷೆಯೇ ಹೆಬ್ಬಾಗಿಲು. ತಪ್ಪು ಅಳತೆಯನ್ನು ಸರಿಪಡಿಸದೆ ಅದರ ವ್ಯಾಪ್ತಿಯನ್ನಷ್ಟೇ ಹಿಗ್ಗಿಸಿದರೆ ತಪ್ಪೂ ಹಿಗ್ಗುತ್ತದೆ.

ಇದಕ್ಕೆ ಎದುರಾಗಿ ಗಂಭೀರವಾದ ಎರಡು ಮಾತುಗಳಿವೆ. ಅಂಕಿಗಳ ಅಂತರಕ್ಕೆ ಪರೀಕ್ಷೆಯನ್ನು ದೂರಬೇಡಿ, ಅದು ಬಾಲ್ಯದಿಂದಲೇ ಬಂದ ಶಾಲಾ ಅಸಮಾನತೆಯ ಕನ್ನಡಿ ಎಂಬುದು ಮೊದಲನೆಯದು. ಅಸಮಾನತೆ ಇರುವುದು ನಿಜ. ಆದರೆ ವೃತ್ತಿಯ ಪರೀಕ್ಷೆ ಅಳೆಯಬೇಕಾದದ್ದು, ನೊಂದವರಿಗೆ ಹಾನಿ ಮಾಡದೆ ನೆರವಾಗುವ ಶಕ್ತಿಯನ್ನು. ಪಾಸಾದವರು ನಾಪಾಸಾದವರಿಗಿಂತ ಉತ್ತಮವಾಗಿ ಕೆಲಸ ಮಾಡುತ್ತಾರೆಂದು ತೋರಿಸುವ ಹೊಣೆ ಪರೀಕ್ಷೆ ನಡೆಸುವವರದ್ದು. ಬಹು ಆಯ್ಕೆಯ ಪ್ರಶ್ನೆಗೆ ಗುರುತು ಹಾಕುವ ವೇಗ ಅದಕ್ಕೆ ಪುರಾವೆಯಾಗದು. ಎರಡನೆಯ ಮಾತು ಇನ್ನೂ ತೂಕದ್ದು: ಪರೀಕ್ಷೆಗೆ ಮುಖ ಕಾಣದು, ಮೇಲ್ವಿಚಾರಕನಿಗೆ ಕಾಣುತ್ತದೆ, ಅವನ ಪೂರ್ವಗ್ರಹಕ್ಕೆ ಏನು ಮದ್ದು? ಫ್ರೇಜಿಯರ್ ಅವರನ್ನು ಊರು ಬಿಡಿಸಿದ ನಾಡಿನಲ್ಲಿ ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಮೇಲ್ವಿಚಾರಕರ ಬರಹವನ್ನು ಇನ್ನೊಬ್ಬರು ಓದಬಹುದು, ಮೇಲ್ಮನವಿ ಮಾಡಬಹುದು, ಇಬ್ಬರ ಅಭಿಪ್ರಾಯ ಕಡ್ಡಾಯ ಮಾಡಬಹುದು. ಆದ್ದರಿಂದ ಬೇಕಿರುವುದು ಮಟ್ಟದ ಇಳಿಕೆಯಲ್ಲ. ಪರೀಕ್ಷೆ ಉಳಿಯುವುದಾದರೆ ಅದು ಏಕೈಕ ಬಾಗಿಲಾಗಬಾರದು, ಫಲಿತಾಂಶ ವರ್ಷವರ್ಷವೂ ಬಯಲಿಗೆ ಬರಬೇಕು, ಮೇಲ್ವಿಚಾರಣೆಯ ಗಂಟೆಗಳಿಗೆ ಹೆಚ್ಚು ತೂಕ ಸಿಗಬೇಕು. ಇಲಿನಾಯ್ ರಾಜ್ಯ ಒಂದು ಹಂತದ ಪರವಾನಗಿಗೆ ಪರೀಕ್ಷೆಯನ್ನು ಈಗಾಗಲೇ ಕೈಬಿಟ್ಟಿದೆ.

ಇದು ಕಪ್ಪು ಬಿಳುಪಿನ ಜಗಳ, ನಮಗೇನು ಎಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ರಾಜಧಾನಿಯ ಸುತ್ತ ಕಾವೇರಿ, ಅಟ್ಲಾಂಟಾದಲ್ಲಿ ನೃಪತುಂಗ, ಉತ್ತರ ಕೆರೊಲಿನಾದಲ್ಲಿ ಸಂಪಿಗೆ ಕನ್ನಡ ಕೂಟಗಳು ಇರುವುದೇ ಅಲ್ಲೆಲ್ಲ ನಮ್ಮ ಕುಟುಂಬಗಳು ನೆಲೆಯೂರಿರುವುದಕ್ಕೆ ಸಾಕ್ಷಿ. ಮನೆಯೊಳಗಿನ ಹಿಂಸೆಯಿಂದ ಪಾರಾಗಲು ದಾರಿ ಹುಡುಕುವ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿ ರಾಜಧಾನಿಯ ಬಳಿ ಆಶಾ, ಅಟ್ಲಾಂಟಾದಲ್ಲಿ 1995ರಿಂದ ರಕ್ಷಾ, ಉತ್ತರ ಕೆರೊಲಿನಾದಲ್ಲಿ ಕಿರಣ್ ಸಂಸ್ಥೆಗಳು ದುಡಿಯುತ್ತಿವೆ. ವೀಸಾ ಗಂಡನ ಕೆಲಸಕ್ಕೆ ಕಟ್ಟುಬಿದ್ದಿರುವಾಗ, ಅತ್ತೆಮನೆ ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಇರುವಾಗ, ಹೆಣ್ಣೊಬ್ಬಳು ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಅರಿಯಲು ಆ ಬದುಕು ಬಲ್ಲವರು ಬೇಕು. ಲುಜೀನಿಯಾ ಹೋಪ್ ಮತ್ತು ಸಂಗಡಿಗರು ಕೇರಿಗೆ ಹೊರಗಿನವರಾಗಿರಲಿಲ್ಲ ಎಂಬುದೇ ಅವರ ಬಲವಾಗಿತ್ತು. ಮಂಗಳೂರಿನ ರೋಶನಿ ನಿಲಯದಲ್ಲೋ ಬೆಂಗಳೂರಿನಲ್ಲೋ ಎಂಎಸ್‌ಡಬ್ಲ್ಯೂ ಓದಿ ಅಲ್ಲಿಗೆ ಹೋದವರು ತಮ್ಮ ಪದವಿಯ ಸಮಾನತೆಯನ್ನು ಅಮೆರಿಕದ ಸಮಾಜಕಾರ್ಯ ಶಿಕ್ಷಣ ಪರಿಷತ್ತಿನಿಂದ ತೂಗಿಸಿ, ಗಂಟೆಗಳನ್ನು ಪೂರೈಸಿ, ಪರೀಕ್ಷೆ ಬರೆದು ಒಳಗೆ ಬರಬೇಕು. ಹಲವು ವರ್ಷ ಹಿಡಿಯುವ ಈ ದಾರಿಯಲ್ಲಿ ಪದವಿ ಮತ್ತು ಮೇಲ್ವಿಚಾರಣೆಯ ಬೇಡಿಕೆ ನ್ಯಾಯವಾದದ್ದು. ಪರೀಕ್ಷೆಯ ಅಳತೆ ನ್ಯಾಯವೇ ಎಂಬ ಪ್ರಶ್ನೆ ಅವರದ್ದೂ ಹೌದು.

ಕರ್ನಾಟಕದಲ್ಲಿ ಈ ಪ್ರಶ್ನೆ ಈಗಷ್ಟೇ ಎದುರಾಗುತ್ತಿದೆ. ರೋಶನಿ ನಿಲಯದ ಶಾಲೆ 1960ರಿಂದ ನಡೆಯುತ್ತಿದೆ, ನಿಮ್ಹಾನ್ಸ್ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ದೇಶಕ್ಕೇ ಹೆಸರಾಗಿದೆ. ಆದರೂ ಬಹುಕಾಲ ನಮ್ಮಲ್ಲಿ ಈ ವೃತ್ತಿಗೆ ಶಾಸನದ ನೋಂದಣಿ ಇರಲಿಲ್ಲ. ಸಹವರ್ತಿ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯಿದೆ ಕ್ಲಿನಿಕಲ್, ಮನೋವೈದ್ಯಕೀಯ ಹಾಗೂ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ರಾಜ್ಯ ಪರಿಷತ್ತುಗಳಿಗೂ ನೋಂದಣಿಗೂ ಏಕರೂಪದ ನಿರ್ಗಮನ ಅಥವಾ ಪರವಾನಗಿ ಪರೀಕ್ಷೆಗೂ ಅವಕಾಶ ಕಲ್ಪಿಸಿದೆ. ಆಸ್ಪತ್ರೆಯ ಕೆಲಸಕ್ಕೆ ರಕ್ಷಣೆ ಸಿಕ್ಕಿ, ಬಾಲಮಂದಿರದ, ಮಹಿಳಾ ಸಾಂತ್ವನ ಕೇಂದ್ರದ ಕೆಲಸ ಹೊರಗುಳಿದರೆ ನಾವು ಉತ್ತರ ಕೆರೊಲಿನಾದ ತಪ್ಪನ್ನೇ ಮಾಡಿದಂತೆ. ಕಲಬುರಗಿಯ ತಾಂಡಾದಿಂದ, ಚಾಮರಾಜನಗರದ ಹಾಡಿಯಿಂದ ಬಂದು, ಕನ್ನಡದಲ್ಲೇ ಓದಿ, ತನ್ನ ಜನರ ನಡುವೆ ಕ್ಷೇತ್ರಕಾರ್ಯ ಮಾಡಿದ ಪದವೀಧರೆಯನ್ನು ಇಂಗ್ಲಿಷಿನ ಒಂದು ಪ್ರಶ್ನೆಪತ್ರಿಕೆ ಹೊರಗೆ ನಿಲ್ಲಿಸಿದರೆ ಅಟ್ಲಾಂಟಾದ ಪಾಠವನ್ನು ಮರೆತಂತೆ. ನಿಯಮಗಳು ಇನ್ನೂ ರೂಪುಗೊಳ್ಳುತ್ತಿರುವ ಈ ಹೊತ್ತಿನಲ್ಲೇ ನಮ್ಮ ಸಮಾಜಕಾರ್ಯ ವಿಭಾಗಗಳು ಮೂರು ಬೇಡಿಕೆಗಳನ್ನು ಮುಂದಿಡಬೇಕು: ಮೇಲ್ವಿಚಾರಣೆಯ ಗಂಟೆಗಳಿಗೆ ಮೊದಲ ಸ್ಥಾನ, ಪರೀಕ್ಷೆ ಇದ್ದರೆ ಕನ್ನಡದಲ್ಲೂ ಇರಬೇಕು ಮತ್ತು ಅದರ ಫಲಿತಾಂಶ ಜಾತಿ, ಭಾಷೆ, ಜಿಲ್ಲೆವಾರು ಬಯಲಾಗಬೇಕು, ಅತಿ ಬಡವರನ್ನು ನೋಡಿಕೊಳ್ಳುವ ಸರ್ಕಾರಿ ಹುದ್ದೆಗಳಿಗೆ ನೋಂದಣಿ ಮೊದಲು ಕಡ್ಡಾಯವಾಗಬೇಕು. ಪರವಾನಗಿ ಕೊಡುವುದು ಸರ್ಕಾರದ ಅಧಿಕಾರ; ಯಾರ ರಕ್ಷಣೆಗಾಗಿ ಕೊಡುತ್ತೇವೆ ಎಂಬುದನ್ನು ಕಾನೂನು ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳುವ ಅವಕಾಶ ಅಮೆರಿಕದ ಆ ರಾಜ್ಯಗಳ ಕೈತಪ್ಪಿತು, ನಮ್ಮ ಕೈಯಲ್ಲಿ ಇನ್ನೂ ಇದೆ.